ಹಲ್ಲಿನ ಮೇಷ್ಟ್ರ ಐದು ಸಾಲ

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಬೀದಿಯವರಿಗೆಲ್ಲ ಅವರು ಹಲ್ಲಿನ ಮೇಷ್ಟ್ರು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿಕೊಟ್ಟರೆ, ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಮಾಡಿ, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಬಾಯಿಗೆ ಹೊಂದುವಂಥ ಸೆಟ್ಟು ತಯಾರಿಸುವುದು ಅವರ ಕಸುಬು. ಹೊಸ ಹಲ್ಲು ಹಾಕಿಸಿಕೊಂಡ ವಯಸ್ಸಾದವರಿಗೆ ಮೊದಮೊದಲು ಮಾತು ತೊದಲುತ್ತದೆ. 'ಸ' ಅನ್ನಲು ಹೋದರೆ ಶಿಳ್ಳೆ ಬರುತ್ತದೆ. ಅಂಥವರನ್ನು ವೈದ್ಯರು ಇವರ ಹತ್ತಿರ ಅಟ್ಟುತ್ತಿದ್ದರು. ಇವರು ಲ್ಯಾಬಿನ ಮುಂದಿನ ಬೆಂಚಿನ ಮೇಲೆ ಅವರನ್ನು ಕೂರಿಸಿಕೊಂಡು, "ಸೊಸೆ ಸರಸರ ಸೋಪು ತಂದಳು ಅನ್ನಿ... ಇನ್ನೊಂದ್ಸಲ... ಅವಸರ ಬೇಡ" ಎಂದು ಮಗ್ಗಿ ಒಪ್ಪಿಸುವಂತೆ ಹೇಳಿಸಿ, ಎಲ್ಲಿ ಒತ್ತುತ್ತದೋ ಅಲ್ಲಿ ಒಂಚೂರು ಉಜ್ಜಿ ಸರಿಮಾಡಿ ಕಳಿಸುತ್ತಿದ್ದರು. ಹಾಗೆ ಅಂಟಿಕೊಂಡ ಹೆಸರು ಅದು.

ಲ್ಯಾಬು ಅಂದರೆ ಮನೆಯ ಕೆಳಗಿನ ಒಂದೇ ಕೋಣೆ. ಕಿಟಕಿಯ ಪಕ್ಕ ಉದ್ದದ ಮೇಜು, ಅದರ ಮೇಲೆ ಸಣ್ಣ ಕುಂಚಗಳು, ಮೇಣ ಕರಗಿಸುವ ದೀಪ, ಸಾಲಾಗಿ ಬಾಯ್ತೆರೆದು ನಕ್ಕಂತೆ ಕಾಣುವ ಪ್ಲಾಸ್ಟರ್ ದವಡೆಗಳು. ಮೇಲಿನ ಮೂರು ಕೋಣೆಗಳಲ್ಲಿ ಮೇಷ್ಟ್ರು, ಅವರ ಹೆಂಡತಿ, ಹೆಂಡತಿಯ ತಾಯಿ ಇದ್ದರು. ಹೆಂಡತಿ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಕೊರಳಲ್ಲಿ ಸೀಟಿ, ಕೂದಲಲ್ಲಿ ಯಾವಾಗಲೂ ಕೊಳದ ನೀರಿನ ಔಷಧಿ ವಾಸನೆ. ಅತ್ತೆ ಇಪ್ಪತ್ತೊಂಬತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಎಪ್ಪತ್ತೆರಡು ದಾಟಿದ್ದರೂ ಕಿವಿ ಮಾತ್ರ ಮೊಲದ ಕಿವಿ. ಪಕ್ಕದ ಮನೆಯಲ್ಲಿ ಚಮಚ ಬಿದ್ದರೆ ಅದು ದೊಡ್ಡದೋ ಚಿಕ್ಕದೋ ಹೇಳಬಲ್ಲವರು.

ಮೇಷ್ಟ್ರಿಗೆ ಸಾಲವಾದದ್ದು ಕುಡಿತದಿಂದಲ್ಲ, ಜೂಜಿನಿಂದಲ್ಲ. ಆಸೆಯಿಂದ ಅಂತ ಬೇಕಾದರೆ ಹೇಳಬಹುದು, ಅದೂ ಕೆಲಸದ ಆಸೆ. ಪಿಂಗಾಣಿಯ ಹಲ್ಲು ಸುಡುವ ಒಳ್ಳೆಯ ಫರ್ನೇಸ್ ಒಂದನ್ನು ಅವರು ಬ್ಯಾಂಕಿನ ಸಾಲದಲ್ಲಿ ತಂದರು. ಮೊದಲ ವರ್ಷ ಕೈತುಂಬ ಕೆಲಸ. ಎರಡನೆಯ ವರ್ಷ ಊರಿಗೆ ದೊಡ್ಡ ಲ್ಯಾಬೊಂದು ಬಂತು. ಅಲ್ಲಿ ಕಂಪ್ಯೂಟರೇ ಹಲ್ಲಿನ ಆಕಾರ ಬಿಡಿಸುತ್ತಿತ್ತು, ಯಂತ್ರವೇ ಕೊರೆಯುತ್ತಿತ್ತು. ವೈದ್ಯರು ಒಬ್ಬೊಬ್ಬರಾಗಿ ಅತ್ತ ವಾಲಿದರು. ಬ್ಯಾಂಕಿನ ಕಂತು ಕಟ್ಟಲು ಮೇಷ್ಟ್ರು ಕ್ರೆಡಿಟ್ ಕಾರ್ಡು ಉಜ್ಜಿದರು. ಕಾರ್ಡಿನ ಬಾಕಿ ಏರಿದಾಗ ಅಣ್ಣನ ಮುಂದೆ ಕೈಯೊಡ್ಡಿದರು. ಅದೂ ಕರಗಿದ ಮೇಲೆ ಫೋನಿನಲ್ಲೇ ಎರಡು ನಿಮಿಷಕ್ಕೆ ಸಿಗುವ ಸಾಲಕ್ಕೆ ಬೆರಳೊತ್ತಿದರು. ಪಿಂಗಾಣಿ ಪುಡಿಯ ಅಂಗಡಿಯಲ್ಲಿ ಉದ್ರಿ ಬೆಳೆಯಿತು. ಹೆಂಡತಿಗೆ ಇದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ. "ಈ ತಿಂಗಳು ಸರಿಹೋಗುತ್ತೆ, ಆಮೇಲೆ ಹೇಳಿದರಾಯ್ತು" ಎಂದುಕೊಂಡೇ ಅವರು ಎರಡು ವರ್ಷ ಕಳೆದಿದ್ದರು.

ಒಂದು ಬೆಳಿಗ್ಗೆ ಮೇಷ್ಟ್ರು ಸ್ನಾನಕ್ಕೆ ಹೋಗಿದ್ದಾಗ ಊಟದ ಮೇಜಿನ ಮೇಲಿಟ್ಟಿದ್ದ ಅವರ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ಹೆಂಡತಿ ಆಗಲೇ ಕೊಳಕ್ಕೆ ಹೋಗಿದ್ದಳು. ಐದನೆಯ ಸಲಕ್ಕೆ ಅತ್ತೆ ಎತ್ತಿದರು.

ಆ ಕಡೆಯವನು ನಮಸ್ಕಾರವನ್ನೂ ಹೇಳದೆ ಗುಡುಗಿದ. "ಎಲ್ಲಿ ಅಡಗಿ ಕೂತಿದ್ದಾನೆ? ದುಡ್ಡು ತಗೊಳ್ಳುವಾಗ ಚೆನ್ನಾಗಿತ್ತಾ?"

ಅತ್ತೆ ಹಳೆಯ ಆಪರೇಟರ್ ದನಿಯಲ್ಲಿ ಹೇಳಿದರು: "ಮೊದಲು ನಿಮ್ಮ ಹೆಸರು. ಆಮೇಲೆ ಆಫೀಸಿನ ಹೆಸರು. ಆಮೇಲೆ ವಿಷಯ. ಈ ಕ್ರಮದಲ್ಲಿ ಹೇಳಿ. ಬರ್ಕೋತಿದ್ದೀನಿ."

ಆ ಕಡೆ ಗಂಟಲು ಸರಿಮಾಡಿಕೊಳ್ಳುವ ಸದ್ದಾಯಿತು. ಆಮೇಲೆ ಹೆಸರು ಬಂತು, ಆಫೀಸು ಬಂತು, ವಿಷಯವೂ ಬಂತು. "ಅವರು ಹನ್ನೊಂದಕ್ಕೆ ಸಿಗ್ತಾರೆ. ಆಗ ಮರ್ಯಾದೆಯಿಂದ ಮಾತಾಡಿ" ಎಂದು ಅತ್ತೆ ಫೋನಿಟ್ಟರು.

ಮೇಷ್ಟ್ರು ತಲೆ ಒರೆಸಿಕೊಂಡು ಬಂದಾಗ ಅತ್ತೆ ಏನೂ ಕೇಳಲಿಲ್ಲ. ಹತ್ತೂವರೆಗೆ ಎರಡು ಲೋಟ ಟೀ ಹಿಡಿದುಕೊಂಡು, ಮೆಟ್ಟಿಲು ಇಳಿಯಲು ಮಂಡಿ ನೋವು ಎಂದು ಯಾವತ್ತೂ ಕೆಳಗೆ ಬಾರದವರು ಲ್ಯಾಬಿಗೇ ಬಂದರು. ಸ್ಟೂಲಿನ ಮೇಲೆ ಕುಳಿತು ಪ್ಲಾಸ್ಟರ್ ದವಡೆಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಟೀ ಇಟ್ಟರು.

"ಅಳಿಯಂದಿರೇ, ಎಷ್ಟಿದೆ?"

"ಏನತ್ತೆ?"

"ಸಾಲ."

ಮೇಷ್ಟ್ರ ಕೈಯಲ್ಲಿದ್ದ ಕುಂಚ ಗಾಳಿಯಲ್ಲೇ ನಿಂತಿತು. "ಸ್ವಲ್ಪ ಇದೆ."

"ಸ್ವಲ್ಪ ಅನ್ನೋದು ಉಪ್ಪಿಗೆ ಹೇಳೋ ಮಾತು. ಎಷ್ಟು ಅಂತ ಹೇಳಿ."

ಸುಳ್ಳು ಹೇಳಬೇಕೆಂದು ಬಾಯಿ ತೆರೆದರು. ಬಂದದ್ದು ಸುಳ್ಳಲ್ಲ, ಬಿಕ್ಕು. ನಲವತ್ತೇಳು ವರ್ಷದ ಗಂಡಸು, ನರೆತ ಮೀಸೆ, ಕೈಯಲ್ಲಿ ಯಾರದೋ ಕೋರೆಹಲ್ಲು ಹಿಡಿದುಕೊಂಡು ಅತ್ತೆಯ ಮುಂದೆ ಅತ್ತುಬಿಟ್ಟರು. ಅತ್ತೆ ಸಮಾಧಾನ ಹೇಳಲಿಲ್ಲ. ಆ ಹಲ್ಲನ್ನು ಮೆಲ್ಲಗೆ ಅವರ ಬೆರಳಿನಿಂದ ಬಿಡಿಸಿ ಡಬ್ಬಿಯಲ್ಲಿಟ್ಟು, "ಯಾರದ್ದೋ ವಸ್ತು, ಕಳೆದುಹೋದೀತು" ಎಂದರು. ಅಳು ಮುಗಿಯುವವರೆಗೂ ತಮ್ಮ ಟೀ ಕುಡಿಯುತ್ತ ಕೂತರು.

ಆಮೇಲೆ ಲೆಕ್ಕ ಶುರುವಾಯಿತು. ಹಳೆಯ ಆರ್ಡರ್ ಚೀಟಿಯ ಹಿಂಬದಿಯಲ್ಲಿ ಅತ್ತೆ ಬರೆದುಕೊಂಡರು. ಬ್ಯಾಂಕಿಗೆ ಎರಡು ಲಕ್ಷ ಹತ್ತು ಸಾವಿರ. ಕಾರ್ಡಿಗೆ ಒಂದು ಲಕ್ಷ ಹದಿನೈದು ಸಾವಿರ. ಫೋನಿನ ಸಾಲ ಮೂವತ್ತು ಸಾವಿರ. ಪುಡಿ ಅಂಗಡಿಗೆ ಇಪ್ಪತ್ತೈದು. ಅಣ್ಣನಿಗೆ ಒಂದು ಲಕ್ಷ. ಕೆಳಗೆ ಗೆರೆ ಎಳೆದು ಕೂಡಿದರೆ ನಾಲ್ಕು ಲಕ್ಷದ ಎಂಬತ್ತು ಸಾವಿರ.

ಮೇಷ್ಟ್ರು ಆ ಅಂಕಿಯನ್ನೇ ನೋಡುತ್ತ ಕುಳಿತರು. ಎರಡು ವರ್ಷದಲ್ಲಿ ಅವರು ಒಮ್ಮೆಯೂ ಎಲ್ಲವನ್ನೂ ಒಟ್ಟಿಗೆ ಕೂಡಿರಲಿಲ್ಲ. ಕೂಡಲು ಹೆದರಿಕೆ. "ನಾನು ಏಳು ಲಕ್ಷ ದಾಟಿರಬೇಕು ಅನ್ಕೊಂಡಿದ್ದೆ" ಎಂದರು. ಅವರ ಮುಖದಲ್ಲಿ ಏನೋ ಸಡಿಲವಾಯಿತು.

"ನೋಡಿ, ಟೀ ಕುಡಿಯೋ ಹೊತ್ತಿಗೆ ಎರಡು ಲಕ್ಷ ತೀರಿಸಿಬಿಟ್ರಿ" ಎಂದರು ಅತ್ತೆ.

ಮೇಷ್ಟ್ರಿಗೆ ನಗು ಬಂತು. ಆ ನಗುವಿನ ಹಿಂದೆಯೇ ಒಂದು ಆಸೆಯೂ ಬಂತು. ಅತ್ತೆಯ ನಿವೃತ್ತಿಯ ಹಣ ಡಿಪಾಸಿಟ್ಟಿನಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಅವರು ಬಾಯಿಬಿಟ್ಟು ಕೇಳಲಿಲ್ಲ. ಆದರೆ ಕಣ್ಣು ಕೇಳಿರಬೇಕು.

"ನನ್ನ ಡಿಪಾಸಿಟ್ ಮುರಿಸಲ್ಲ" ಎಂದರು ಅತ್ತೆ. "ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೀವು ಕಾದು ಕೂರಬಾರದು."

"ನಾನು ಕೇಳ್ಲಿಲ್ಲ ಅತ್ತೆ."

"ಗೊತ್ತು. ಆದ್ರೂ ಕೇಳಿ. ನಿಮ್ಮ ಮಾವನೋರ ಸಾಲಾನ ನಮ್ಮಪ್ಪ ಮೂರು ಸಲ ತೀರಿಸಿದ್ರು. ಮೊದಲನೇ ಸಲ ಮಾವನೋರು ಅಪ್ಪನ ಕೈ ಹಿಡ್ಕೊಂಡ್ರು. ಎರಡನೇ ಸಲ ತಲೆ ತಗ್ಗಿಸಿದ್ರು. ಮೂರನೇ ಸಲದ ಮೇಲೆ ಅಪ್ಪ ಮುಂದಿನ ಬಾಗಿಲಲ್ಲಿ ಬಂದ್ರೆ ಇವರು ಹಿಂದಿನ ಬಾಗಿಲಿಂದ ಹೋಗಿಬಿಡೋರು. ಸಾಯೋವರೆಗೂ ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡ್ಲಿಲ್ಲ. ನಾನು ನಿಮ್ಮ ಮನೇಲಿ ಇರೋಳು. ನೀವು ಹಿಂದಿನ ಬಾಗಿಲಿಂದ ಹೋಗೋ ಹಾಗೆ ಆಗಬಾರದು." ಲೋಟ ಎತ್ತಿಕೊಂಡು ಎದ್ದರು. "ದುಡ್ಡು ಕೊಡಲ್ಲ. ಜೊತೆಗೆ ಎಲ್ಲಿಗೆ ಬೇಕಾದ್ರೂ ಬರ್ತೀನಿ. ಮೆಟ್ಟಿಲು ಕಡಿಮೆ ಇದ್ರೆ ಒಳ್ಳೇದು."

ಹನ್ನೊಂದಕ್ಕೆ ಸರಿಯಾಗಿ ಬೆಳಿಗ್ಗೆ ಗುಡುಗಿದವನ, ಆ ಫೋನಿನ ಸಾಲದವನ, ಕರೆ ಬಂತು. ಮಾತು ಒರಟಾಗಿರಲಿಲ್ಲ. ಹತ್ತು ದಿನದ ವಾಯಿದೆ ಸಿಕ್ಕಿತು.

ಮೊದಲು ಹೋದ ಕಡೆಯೇ ಮೆಟ್ಟಿಲು ಇದ್ದವು. ಸಾಲದಿಂದ ಬಿಡುಗಡೆ ಮಾಡಿಸುತ್ತೇವೆ ಎಂದು ಬೋರ್ಡು ಹಾಕಿದ್ದ ಆಫೀಸು ಚಪ್ಪಲಿ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿತ್ತು. ಅತ್ತೆ ಪ್ರತಿ ತಿರುವಿನಲ್ಲೂ ನಿಂತು ಉಸಿರು ಬಿಟ್ಟು, "ಸಾಲಗಾರರಿಗೆ ಕಾಲಾದ್ರೂ ಗಟ್ಟಿ ಇರಲಿ ಅಂತ ಇಲ್ಲಿ ಮಾಡಿದ್ದಾರೆ" ಎಂದು ಗೊಣಗುತ್ತ ಹತ್ತಿದರು. ಒಳಗೆ ತಣ್ಣನೆಯ ಗಾಳಿ, ಮೆತ್ತನೆಯ ಕುರ್ಚಿ, ಟೈ ಕಟ್ಟಿದ ಒಬ್ಬ ಏಜೆಂಟು. ಅವನು ನಕ್ಕಾಗ ಮೇಷ್ಟ್ರ ಕಣ್ಣು ತಾನಾಗಿಯೇ ಅವನ ಬಾಯಿಗೆ ಹೋಯಿತು. ಮುಂದಿನ ನಾಲ್ಕೂ ಕ್ಯಾಪು ಹಾಕಿಸಿದ್ದು, ಬಿಳಿ ಬೇಕಾದ್ದಕ್ಕಿಂತ ಎರಡು ಪಟ್ಟು ಜಾಸ್ತಿ.

"ಬಹಳ ಸುಲಭ ಸಾರ್" ಎಂದ ಏಜೆಂಟು. "ಇವತ್ತಿಂದ ಯಾರಿಗೂ ಕಟ್ಟಬೇಡಿ. ಆರು ತಿಂಗಳು ನಮ್ಮ ಹತ್ರ ಕಟ್ಟುತ್ತಾ ಬನ್ನಿ. ಅವ್ರು ಕಾದು ಕಾದು ಸುಸ್ತಾದ ಮೇಲೆ ನಾವು ಮಾತಾಡಿ ಅರ್ಧಕ್ಕೆ ಮುಗಿಸಿಕೊಡ್ತೀವಿ. ನಮ್ಮ ಫೀಸು ಒಟ್ಟು ಸಾಲದ ಮೇಲೆ ಹದಿನೈದು ಪರ್ಸೆಂಟು. ಎಪ್ಪತ್ತೆರಡು ಸಾವಿರ. ಅದು ಮಾತ್ರ ಮುಂಚೆ."

'ಅರ್ಧ' ಎಂಬ ಮಾತು ಮೇಷ್ಟ್ರ ಕಿವಿಗೆ ತಂಪಾಗಿ ಕೇಳಿಸಿತು. ಪೆನ್ನು ತೆಗೆಯಲು ಜೇಬಿಗೆ ಕೈಹಾಕಿಯೂ ಆಗಿತ್ತು.

ಅತ್ತೆ ಮುಂದೆ ಬಾಗಿದರು. "ಇವರ ಅಣ್ಣನ ಒಂದು ಲಕ್ಷಕ್ಕೂ ಹದಿನೈದು ಪರ್ಸೆಂಟ್ ಸೇರಿಸಿದ್ದೀರಲ್ಲ, ಅವರ ಹತ್ರ ಚೌಕಾಸಿ ಮಾಡೋಕೆ ನೀವೇ ಹೋಗ್ತೀರಾ?"

ಏಜೆಂಟು ನಕ್ಕ. ಮೊದಲಿನಷ್ಟು ಹಲ್ಲು ಕಾಣಲಿಲ್ಲ.

"ಆ ಆರು ತಿಂಗಳು ಫೋನ್ ಬರೋದು ನಿಲ್ಲುತ್ತಾ?"

"ಅದು... ಸ್ವಲ್ಪ ಜಾಸ್ತಿನೇ ಬರಬಹುದು ಮೇಡಂ."

"ಬಡ್ಡಿ?"

"ಅದೂ ಓಡ್ತಿರುತ್ತೆ."

"ಕೊನೆಗೆ ಅವರು ಒಪ್ಪದೇ ಹೋದ್ರೆ?"

"ಸಾಮಾನ್ಯವಾಗಿ ಒಪ್ತಾರೆ."

ಅತ್ತೆ 'ಸಾಮಾನ್ಯವಾಗಿ' ಎಂಬುದನ್ನು ಚೀಟಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ಇಳಿಯುವಾಗ ಹೇಳಿದರು: "ಇದು ಇಡೀ ಊರಲ್ಲಿ ಯಾರಿಗೂ ಉಪಯೋಗ ಇಲ್ಲ ಅನ್ನಲ್ಲ. ಕಟ್ಟೋಕೆ ಒಂದು ಕಾಸೂ ಇಲ್ಲದೋರಿಗೆ ಅರ್ಧಕ್ಕೆ ಮುಗಿದ್ರೆ ಪುಣ್ಯ. ನಿಮಗೆ ಕೈಯಿದೆ, ಕೆಲಸ ಇದೆ. ಅರ್ಧಕ್ಕೆ ಮುಗಿಸಿಕೊಂಡೋರು ಅಂತ ಆದ್ಮೇಲೆ ಇನ್ನೊಂದು ಸಲ ಬ್ಯಾಂಕಿಗೆ ಹೋದ್ರೆ ನಿಮ್ಮ ಹೆಸರು ಕಂಡು ಮುಖ ತಿರುಗಿಸ್ತಾರೆ."

ಬ್ಯಾಂಕು ನೆಲಮಹಡಿಯಲ್ಲಿತ್ತು. ಅಲ್ಲಿನ ಅಧಿಕಾರಿಣಿ ತಾಳ್ಮೆಯವಳು. ಐದೂ ಸಾಲವನ್ನು ಒಂದೇ ಸಾಲವಾಗಿ ಮಾಡಬಹುದು, ಮನೆಯ ಪತ್ರ ಅಡ ಇಟ್ಟರೆ ವರ್ಷಕ್ಕೆ ಹದಿನಾಲ್ಕು ಪರ್ಸೆಂಟಿಗೆ ಕೊಡಬಹುದು, ತಿಂಗಳಿಗೆ ಒಂಬತ್ತು ಸಾವಿರದ ಒಂಬೈನೂರರಂತೆ ಆರು ವರ್ಷ, ಎಂದು ಲೆಕ್ಕ ಹಾಕಿ ತೋರಿಸಿದಳು. ಮೇಷ್ಟ್ರಿಗೆ ಇದು ತುಂಬ ಹಿಡಿಸಿತು. ಒಂದೇ ಕಂತು, ಒಂದೇ ತಾರೀಖು, ಯಾರ ಬೈಗುಳವೂ ಇಲ್ಲ.

ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತು ಅತ್ತೆ ಗುಣಿಸಿದರು. ಒಟ್ಟು ಏಳು ಲಕ್ಷದ ಮೇಲೆ ಹನ್ನೆರಡು ಸಾವಿರ ಚಿಲ್ಲರೆ. "ಕೆಟ್ಟ ದಾರಿ ಅಲ್ಲ ಇದು" ಎಂದು ಒಪ್ಪಿಕೊಂಡರು. "ಕಾರ್ಡಿನೋರು ತಿಂಗಳಿಗೇ ಮೂರೂವರೆ ಪರ್ಸೆಂಟ್ ತಿಂತಿದ್ದಾರೆ. ಅದಕ್ಕೆ ಹೋಲಿಸಿದ್ರೆ ಇದು ಸ್ವರ್ಗ. ಆದ್ರೆ ನಿಮ್ಮಣ್ಣ ಬಡ್ಡಿನೇ ಕೇಳಿಲ್ಲ. ಆ ಲಕ್ಷಕ್ಕೂ ಇಲ್ಲಿ ಬಡ್ಡಿ ಕಟ್ಟೋದು ಯಾಕೆ? ಬ್ಯಾಂಕಿನ ಹಳೇ ಸಾಲ ಹನ್ನೆರಡರಲ್ಲಿದೆ, ಅದನ್ನ ಹದಿನಾಲ್ಕಕ್ಕೆ ಏರಿಸೋದು ಯಾಕೆ? ಮೇಲೆ ಮನೆ ಪತ್ರ ಬೇರೆ."

ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಅಡ ಇಡಬೇಕಾದರೆ ಅವಳ ರುಜು ಬೇಕು. ಅದು ನೆನಪಾದ ಕೂಡಲೇ ಮೇಷ್ಟ್ರ ಮುಖ ಸಪ್ಪಗಾಯಿತು.

ಮಾರನೆಯ ದಿನ ಕಾರ್ಡಿನವರಿಗೇ ನೇರವಾಗಿ ಫೋನು ಮಾಡುವುದೆಂದಾಯಿತು. ಇದು ಅತ್ತೆಯ ಕ್ಷೇತ್ರ. ಒಂದು ಒತ್ತಿ, ಎರಡು ಒತ್ತಿ ಎನ್ನುವ ಯಂತ್ರದ ದನಿಯ ಜೊತೆ ನಲವತ್ತು ನಿಮಿಷ ಕಾದಾಡಿ, ನಡುನಡುವೆ ಸಂಗೀತಕ್ಕೆ ಬೆರಳಿನಿಂದ ತಾಳ ಹಾಕಿ, ಕೊನೆಗೆ ಒಂದು ಹುಡುಗಿಯನ್ನು ಹಿಡಿದರು. ಆದರೆ ಆ ಹುಡುಗಿ ಕಾರ್ಡಿನ ಯಜಮಾನರೇ ಮಾತಾಡಬೇಕು ಎಂದಳು. ಅತ್ತೆ ಫೋನನ್ನು ಅಳಿಯನ ಕೈಗೆ ಕೊಟ್ಟರು.

ಮೇಷ್ಟ್ರು ಅದನ್ನು ಕಿವಿಗಿಟ್ಟುಕೊಂಡರು. "ನಾನು... ಅದು ಏನಂದ್ರೆ..." ಹೊಸ ಹಲ್ಲಿನ ಮುದುಕರಂತೆ ತೊದಲಿದರು.

"ಅವಸರ ಬೇಡ" ಎಂದು ಅತ್ತೆ ಪಿಸುಗುಟ್ಟಿದರು.

"ಕಟ್ಟಲ್ಲ ಅಂತಿಲ್ಲಮ್ಮ" ಎಂದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡು. "ಕಟ್ಟಬೇಕು ಅಂತಿದ್ದೀನಿ. ಹೀಗೇ ಆದ್ರೆ ಆಗಲ್ಲ. ತಿಂಗಳಿಗೆ ಐದೂ ಮುಕ್ಕಾಲು ಸಾವಿರ ಕಟ್ತೀನಿ, ಅದರಲ್ಲಿ ನಾಲ್ಕು ಸಾವಿರ ಬಡ್ಡಿಗೇ ಹೋಗುತ್ತೆ. ಏನಾದ್ರೂ ದಾರಿ ಇದ್ರೆ ಹೇಳಿ."

ದಾರಿ ಇತ್ತು. ಕೇಳಿದವರಿಗೆ ಮಾತ್ರ ಹೇಳುವ ದಾರಿ. ಬಾಕಿಯ ದೊಡ್ಡ ಪಾಲನ್ನು ಒಮ್ಮೆಗೇ ಕಟ್ಟಿದರೆ ಉಳಿದದ್ದನ್ನು ಹನ್ನೆರಡು ಕಂತು ಮಾಡಿಕೊಡುತ್ತೇವೆ, ಬಡ್ಡಿ ಅರ್ಧಕ್ಕಿಂತ ಕಡಿಮೆ, ಕಾರ್ಡು ಮಾತ್ರ ಮತ್ತೆ ಬಳಸುವಂತಿಲ್ಲ. ಫೋನಿಟ್ಟಾಗ ಮೇಷ್ಟ್ರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ದೊಡ್ಡ ಪಾಲು ಎಲ್ಲಿಂದ ತರೋದು?" ಎಂದರು.

ಅತ್ತೆ ಮೂಲೆಯಲ್ಲಿದ್ದ ಫರ್ನೇಸಿನ ಕಡೆ ನೋಡಿದರು. ಮೇಷ್ಟ್ರೂ ನೋಡಿದರು. ಹಾಲು ಬಣ್ಣದ, ಪುಟ್ಟ ಗೋಪುರದಂತಿದ್ದ ಯಂತ್ರ. ಪ್ರತಿ ಸಂಜೆ ಅದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಮೇಲೆ ಟವೆಲ್ ಹೊದಿಸಿ ಹೋಗುವುದು ಅವರ ಅಭ್ಯಾಸ.

"ಇದನ್ನ ಮಾರಿದ್ರೆ ನಾನು ಏನು ಅತ್ತೆ?"

"ಅದನ್ನ ನಾನು ಹೇಳೋಕಾಗಲ್ಲ. ಅವಳನ್ನ ಕೇಳಿ."

ಯಾವ ದಾರಿ ಹಿಡಿದರೂ ಕೊನೆಗೆ ಅದು ಹೆಂಡತಿಯ ಮುಂದೆಯೇ ಹೋಗಿ ನಿಲ್ಲುತ್ತಿತ್ತು. ಮನೆ ಪತ್ರಕ್ಕೆ ಅವಳ ರುಜು, ಫರ್ನೇಸ್ ಹೋದರೆ ಅವಳ ಪ್ರಶ್ನೆ, ಕಂತು ಕಟ್ಟಬೇಕಾದರೆ ಮನೆಖರ್ಚಿನಲ್ಲಿ ಅವಳ ಬಿಗಿ. "ನೀವೇ ಒಂದು ಮಾತು ಹೇಳಿಬಿಡಿ ಅತ್ತೆ, ನಿಮ್ಮ ಮಗಳಲ್ವಾ" ಎಂದು ಮೇಷ್ಟ್ರು ಬೇಡಿಕೊಂಡರು. ಅತ್ತೆ ಎರಡೂ ಕೈ ಎತ್ತಿಬಿಟ್ಟರು. "ಆ ಲೈನು ನಾನು ಕನೆಕ್ಟ್ ಮಾಡಲ್ಲ. ಡೈರೆಕ್ಟ್ ಡಯಲ್ ಮಾಡಿ."

ಮಧ್ಯಾಹ್ನ ಒಂದರಿಂದ ಎರಡು ಈಜುಕೊಳಕ್ಕೆ ಬಿಡುವು. ಮೇಷ್ಟ್ರು ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಅಲ್ಲಿಗೆ ಹೋದರು. ಮಕ್ಕಳ ಗಲಾಟೆ ಇಲ್ಲದ ಕೊಳ ಕನ್ನಡಿಯಂತೆ ಮಲಗಿತ್ತು. ಒದ್ದೆ ಹಾಸುಗಲ್ಲು, ಗೋಡೆಗೆ ಒರಗಿಸಿದ ತೇಲುಹಲಗೆಗಳು, ತಂತಿಯ ಮೇಲೆ ಯಾರೋ ಮರೆತ ಚಿಕ್ಕ ಟೋಪಿ. ಹೆಂಡತಿ ಬೆಂಚಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದಳು. ಹದಿನೆಂಟು ವರ್ಷದಲ್ಲಿ ಗಂಡ ಆ ಹೊತ್ತಿಗೆ ಅಲ್ಲಿಗೆ ಬಂದದ್ದು ಅದೇ ಮೊದಲು.

"ಅಮ್ಮ ಹುಷಾರಾಗಿದ್ದಾರಾ?" ಎಂದು ತಟ್ಟನೆ ಎದ್ದಳು.

"ಅತ್ತೆ ಚೆನ್ನಾಗಿದ್ದಾರೆ. ನಾನೇ ಚೆನ್ನಾಗಿಲ್ಲ."

ಚೀಟಿ ಕೊಟ್ಟರು. ಅವಳು ಓದಿದಳು. ತಾಯಿಯ ಅಕ್ಷರ ಗುರುತು ಹಿಡಿದು ಒಮ್ಮೆ ತಲೆಯೆತ್ತಿ, ಮತ್ತೆ ಓದಿದಳು. ಮೇಷ್ಟ್ರು ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಗಿ, "ಎರಡು ವರ್ಷ ಆಯ್ತು. ಹೇಳೋಕೆ ಆಗ್ಲಿಲ್ಲ" ಎಂದಷ್ಟೇ ಹೇಳಿದರು.

ಅವಳು ಚೀಟಿ ಮಡಿಸಿ ನೀರಿನ ಕಡೆ ತಿರುಗಿದಳು. ಕೂಗಾಡುತ್ತಾಳೆ ಎಂದು ಮೇಷ್ಟ್ರು ಸಿದ್ಧರಾಗಿ ನಿಂತಿದ್ದರು. ಅವಳು ಮೆಲ್ಲಗೆ ಹೇಳಿದಳು:

"ಮುಳುಗೋರು ಕೂಗಲ್ಲ ಕಣ್ರೀ. ಕೈಕಾಲು ಬಡಿಯೋದು, ಕಿರುಚೋದು ಎಲ್ಲ ಸಿನಿಮಾದಲ್ಲಿ. ನಿಜವಾಗಿ ಮುಳುಗೋ ಮಗು ಸದ್ದೇ ಮಾಡಲ್ಲ. ಸುಮ್ನೆ ನೋಡ್ತಾ ನೋಡ್ತಾ ಕೆಳಗೆ ಹೋಗಿಬಿಡುತ್ತೆ. ಹೊಸದಾಗಿ ಕೆಲಸಕ್ಕೆ ಬರೋರಿಗೆಲ್ಲ ನಾನೇ ಇದನ್ನ ಹೇಳ್ಕೊಡೋದು. ಸದ್ದಿಲ್ಲದೋರನ್ನ ಮೊದಲು ನೋಡಿ ಅಂತ." ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಮನೇಲಿ ನೋಡ್ಲಿಲ್ಲ ನಾನು."

"ನೀನು ನೋಡದ ಹಾಗೆ ನಾನೇ ಮಾಡ್ಕೊಂಡಿದ್ದೆ."

"ಅದಕ್ಕೇ ಸಿಟ್ಟು ಬರ್ತಿರೋದು" ಎಂದು ಡಬ್ಬಿ ಮುಚ್ಚಿದಳು. "ಈಗ ಹೋಗಿ. ಎರಡು ಗಂಟೆಗೆ ಚಿಕ್ಕ ಮಕ್ಕಳ ಕ್ಲಾಸಿದೆ. ಅಳ್ತಾ ಸೀಟಿ ಊದೋಕಾಗಲ್ಲ."

ಮೂರು ದಿನ ಅವಳು ಗಂಡನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕರೆಯುವ ಬದಲು ತಟ್ಟೆ ಸದ್ದು ಮಾಡುತ್ತಿದ್ದಳು. ತಾಯಿಯ ಮೇಲೂ ಮುನಿಸು. ಮಗಳಿಗಿಂತ ಮುಂಚೆ ಅಳಿಯನಿಂದ ಗುಟ್ಟು ಕೇಳಿಸಿಕೊಂಡದ್ದು ಯಾವ ನ್ಯಾಯ ಎಂದು. ಅತ್ತೆ ಅಳಿಯ ಇಬ್ಬರೂ ಶಿಕ್ಷೆಗೆ ಒಳಗಾದ ಮಕ್ಕಳಂತೆ ಒಂದೇ ಸೋಫಾದ ಎರಡು ತುದಿಗೆ ಕೂತು ಹಳೆಯ ಪೇಪರು ಓದುತ್ತಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಚೀಟಿಯನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡು, "ಇಲ್ಲಿ ಬನ್ನಿ ಇಬ್ಬರೂ" ಎಂದಳು. ಅವತ್ತು ಅವಳಿಗೆ ರಜೆ.

ಮನೆ ಪತ್ರವನ್ನು ಅವಳು ಪಕ್ಕಕ್ಕಿಟ್ಟಳು. "ಇದು ಬೇಡ. ಬೇರೆ ಎಲ್ಲ ಕೈಕೊಟ್ರೆ ಆಗ ನೋಡೋಣ." ಯಾರ ಸಾಲ ಮೊದಲು ತೀರಿಸಬೇಕು ಎಂಬುದಕ್ಕೆ ವಾದ ನಡೆಯಿತು. ಪುಡಿ ಅಂಗಡಿಯದು ಮೊದಲು ಎಂದರು ಮೇಷ್ಟ್ರು. ಆ ಅಂಗಡಿಯ ಮುಂದೆ ಹಾಯಬಾರದೆಂದು ಒಂದು ವರ್ಷದಿಂದ ಸುತ್ತು ಹಾಕಿಕೊಂಡು ಓಡಾಡುತ್ತಿದ್ದೇನೆ, ಚಿಕ್ಕದೊಂದು ತೀರಿದರೆ ಉಸಿರಾಡಲು ಧೈರ್ಯ ಬರುತ್ತದೆ ಎಂದರು. ಅತ್ತೆ ಬಡ್ಡಿ ಜಾಸ್ತಿ ಇರುವುದೇ ಮೊದಲು ಎಂದು ಹಟ ಹಿಡಿದರು. ಹೆಂಡತಿ ಎರಡೂ ಕೇಳಿ, "ಫೋನಿನ ಸಾಲ ಚಿಕ್ಕದೂ ಹೌದು, ಬಡ್ಡಿ ಜಾಸ್ತಿನೂ ಹೌದು. ಅದು ಮೊದಲು. ಆಮೇಲೆ ಪುಡಿ ಅಂಗಡಿ, ಇವರು ನೆಟ್ಟಗೆ ನಡೀಲಿ. ಮಿಕ್ಕಿದ್ದೆಲ್ಲ ಕಾರ್ಡಿಗೆ. ಬ್ಯಾಂಕಿಂದು ಈಗ ಹೋಗ್ತಿರೋ ಹಾಗೇ ಹೋಗ್ಲಿ. ಭಾವನೋರಿಗೆ ತಿಂಗಳಿಗೆ ಎರಡು ಸಾವಿರ, ಕಾರ್ಡು ಮುಗಿದ ಮೇಲೆ ಆರು" ಎಂದು ತೀರ್ಪು ಕೊಟ್ಟಳು.

"ಫರ್ನೇಸು?" ಎಂದರು ಮೇಷ್ಟ್ರು.

ಅವಳು ಪೆನ್ಸಿಲ್ಲು ಕೆಳಗಿಟ್ಟು ಗಂಡನನ್ನು ನೋಡಿದಳು. ಎಷ್ಟೋ ದಿನದ ಮೇಲೆ ನೋಡಿದ ನೋಟ ಅದು. "ಅದು ಬರೋ ಮುಂಚೆನೂ ನೀವು ಹಲ್ಲು ಮಾಡ್ತಿದ್ರಿ ಅಲ್ವಾ?"

ಫರ್ನೇಸನ್ನು ಕೊಂಡದ್ದು ಹಲ್ಲಿನ ಕೆಲಸ ಕಲಿಸುವ ಕಾಲೇಜು. ಒಂದು ಲಕ್ಷ ಮೂವತ್ತು ಸಾವಿರಕ್ಕೆ. ಒಯ್ಯಲು ಬಂದ ಕಾಲೇಜಿನ ಉಪನ್ಯಾಸಕರಿಗೆ ಮೇಷ್ಟ್ರು ಅದರ ಬಾಗಿಲು ಎಷ್ಟು ಮೆಲ್ಲಗೆ ಮುಚ್ಚಬೇಕು, ಚಳಿಗಾಲದಲ್ಲಿ ಎಷ್ಟು ಹೊತ್ತು ಮೊದಲು ಬಿಸಿಯಾಗಲು ಬಿಡಬೇಕು ಎಂದು ಅರ್ಧ ಗಂಟೆ ವಿವರಿಸಿದರು. ಹೊದಿಸುತ್ತಿದ್ದ ಟವೆಲನ್ನೂ ಜೊತೆಗೆ ಕೊಟ್ಟುಬಿಟ್ಟರು. ವ್ಯಾನು ಹೋದ ಮೇಲೆ ಖಾಲಿ ಮೂಲೆಯಲ್ಲಿ ಧೂಳಿನ ಚೌಕ ಉಳಿದಿತ್ತು. ಹೆಂಡತಿ ಬಂದು ಅದನ್ನು ಗುಡಿಸಿದಳು.

ಫೋನಿನ ಸಾಲ ದಂಡ ಸೇರಿ ಮೂವತ್ತೆರಡು ಸಾವಿರಕ್ಕೆ ತೀರಿತು. ಪುಡಿ ಅಂಗಡಿಯವನು ಇಪ್ಪತ್ತೈದು ಸಾವಿರ ಎಣಿಸಿಕೊಂಡು, "ಊರು ಬಿಟ್ರೇನೋ ಅನ್ಕೊಂಡೆ" ಎಂದ. ಉಳಿದ ಎಪ್ಪತ್ತಮೂರು ಸಾವಿರ ಕಾರ್ಡಿಗೆ ಹೋಯಿತು, ಮಿಕ್ಕ ನಲವತ್ತೆರಡು ಸಾವಿರ ಕಂತಾಯಿತು.

ಕಂತುಗಳಿಗೆ ದುಡಿಮೆ ಬೇಕಲ್ಲ. ತಮ್ಮ ಗಿರಾಕಿಗಳನ್ನೆಲ್ಲ ಸೆಳೆದುಕೊಂಡಿದ್ದ ಆ ದೊಡ್ಡ ಲ್ಯಾಬಿಗೇ ಮೇಷ್ಟ್ರು ಅರ್ಧ ದಿನದ ಕೆಲಸ ಕೇಳಿಕೊಂಡು ಹೋದರು. ಹಲ್ಲು ಕಚ್ಚಿಕೊಂಡು ಹೋದರು ಎಂದೇ ಹೇಳಬೇಕು. ಅಲ್ಲಿನ ಮೇಲ್ವಿಚಾರಕಿಗೆ ಮೂವತ್ತೂ ಆಗಿರಲಿಲ್ಲ. ಅವಳು ಇವರ ಮುಂದೆ ಒಂದು ತಟ್ಟೆ ಇಟ್ಟು, "ಇವು ವಾಪಸ್ ಬಂದಿರೋ ಹಲ್ಲು ಸಾರ್. ಅಳತೆ ಸರಿ ಇದೆ, ಬಣ್ಣ ಸರಿ ಇದೆ. ಆದ್ರೂ ರೋಗಿಗಳು ಇದು ನಂದಲ್ಲ ಅಂತಾರೆ. ಯಾಕೆ?" ಎಂದು ಕೇಳಿದಳು. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ತುಂಬಾ ಸರಿಯಾಗಿದೆ, ಅದಕ್ಕೇ. ಯಾರ ಹಲ್ಲೂ ಇಷ್ಟು ನೆಟ್ಟಗಿರಲ್ಲಮ್ಮ. ಈ ಕೋರೆಹಲ್ಲನ್ನ ಒಂಚೂರು ವಾರೆ ಮಾಡಿ, ಇದರ ಅಂಚಿಗೆ ಸ್ವಲ್ಪ ಹಳದಿ ಕೊಡಿ." ವಾರದೊಳಗೆ ವಾಪಸ್ ಬರುವ ತಟ್ಟೆಯೆಲ್ಲ ಅವರ ಮೇಜಿಗೇ ಬರತೊಡಗಿತು. ಕಂಪ್ಯೂಟರಿನಲ್ಲಿ ಹಲ್ಲು ತಿರುಗಿಸುವುದನ್ನು ಅವಳೇ ಅವರಿಗೆ ಕಲಿಸಿದಳು. ಮಧ್ಯಾಹ್ನದ ಮೇಲೆ ತಮ್ಮ ಕೋಣೆಯಲ್ಲಿ ಸೆಟ್ಟಿನ ಕೆಲಸ ಹೇಗೂ ಇತ್ತು.

ಮೊದಲ ತಿಂಗಳ ಎರಡು ಸಾವಿರ ಕವರಿನಲ್ಲಿಟ್ಟುಕೊಂಡು ಅಣ್ಣನ ಮನೆಗೆ ಹೋದದ್ದು ಎಲ್ಲಕ್ಕಿಂತ ಕಷ್ಟದ ದಿನ. ಅಣ್ಣ ಸೈಕಲ್ ಅಂಗಡಿ ಇಟ್ಟುಕೊಂಡವರು, ಮಾತು ಕಡಿಮೆ. ಕೈಯ ಗ್ರೀಸು ಒರೆಸಿಕೊಂಡು ಕವರು ತೆಗೆದು ನೋಡಿದರು.

"ಏನಿದು?"

"ನಿಂದೇ ಅಣ್ಣ. ತಿಂಗಳಾ ತಿಂಗಳಾ ಹೀಗೆ ತಂದುಕೊಡ್ತೀನಿ. ಎರಡು ವರ್ಷ ಮೇಲಾಗುತ್ತೆ."

ಅಣ್ಣ ಕವರನ್ನು ಹಿಂದಕ್ಕೆ ತಳ್ಳುತ್ತಾರೇನೋ ಎಂದು ಮೇಷ್ಟ್ರು ಕಾದರು. ತಳ್ಳಿದ್ದರೆ ಬಹುಶಃ ಅವರ ಧೈರ್ಯವೇ ಕುಸಿಯುತ್ತಿತ್ತು. ಅಣ್ಣ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

"ತಂದುಕೊಡು. ನೀನೇ ಬಂದು ಕೊಡು, ಬ್ಯಾಂಕಲ್ಲಿ ಹಾಕಬೇಡ" ಎಂದರು. ಒಂದು ಚಕ್ರವನ್ನು ಸುಮ್ಮನೆ ತಿರುಗಿಸುತ್ತ ನಿಂತು, "ಎರಡು ವರ್ಷದಿಂದ ನೀನು ಈ ಕಡೆ ತಲೆನೇ ಹಾಕಿಲ್ಲ. ದುಡ್ಡು ಕೊಟ್ಟು ತಮ್ಮನ್ನ ಕಳ್ಕೊಂಡೆ ಅಂತ ನಿಮ್ಮತ್ತಿಗೆ ಹತ್ರ ಹೇಳ್ತಾ ಇರ್ತೀನಿ" ಎಂದರು.

ಮೇಷ್ಟ್ರು ಆ ತಿರುಗುವ ಚಕ್ರವನ್ನೇ ನೋಡಿದರು. ಅವತ್ತು ಅಲ್ಲೇ ಊಟ ಮಾಡಿಕೊಂಡು ಬಂದರು. ಮುಂದೆ ತಿಂಗಳಿಗೊಂದು ಊಟ ಅಲ್ಲಿಯೇ ಎಂದಾಯಿತು.

ಎಲ್ಲವೂ ನಯವಾಗಿ ಸಾಗಿತು ಅನ್ನುವ ಹಾಗಿಲ್ಲ. ಒಂದು ತಿಂಗಳು ಅತ್ತೆ ಬಿದ್ದು ಮಣಿಕಟ್ಟು ಮುರಿದುಕೊಂಡರು, ಆ ತಿಂಗಳ ಅಣ್ಣನ ಕವರು ತಪ್ಪಿತು. ಮೇಷ್ಟ್ರು ಅದನ್ನು ಮುಂಚೆಯೇ ಹೋಗಿ ಹೇಳಿಬಂದರು. ಇನ್ನೊಮ್ಮೆ ಹೆಂಡತಿ ಹೊಸ ಚಪ್ಪಲಿ ಬೇಕೆಂದು ಅಂಗಡಿಯವರೆಗೆ ಹೋಗಿ, ಬೆಲೆ ಕೇಳಿ, ಹಳೆಯದಕ್ಕೇ ಹೊಲಿಗೆ ಹಾಕಿಸಿಕೊಂಡು ಬಂದು ಇಡೀ ದಿನ ಸಿಡಿಮಿಡಿ ಮಾಡಿದಳು. ಮೇಷ್ಟ್ರು ಅವತ್ತು ಇದ್ದ ಸಿಟ್ಟನ್ನೆಲ್ಲ ಅವಳು ತಮ್ಮ ಮೇಲೆ ತೀರಿಸಿಕೊಳ್ಳಲೆಂದು ಪಕ್ಕದಲ್ಲೇ ಕುಳಿತಿದ್ದರು. ಬೈದು ಬೈದು ಅವಳಿಗೇ ನಗು ಬಂತು. ಕಾರ್ಡು ಒಂದು ವರ್ಷಕ್ಕೆ ಮುಗಿಯಿತು, ಅಣ್ಣನದು ಎರಡು ವರ್ಷ ಎರಡು ತಿಂಗಳಿಗೆ. ಬ್ಯಾಂಕಿನದು ಮೂರು ವರ್ಷ ಹಿಡಿಯಿತು.

ಕೊನೆಯ ಕಂತು ಕಟ್ಟಿದ ದಿನ ಮನೆಯಲ್ಲಿ ಯಾರೂ ಏನೂ ವಿಶೇಷ ಮಾಡಲಿಲ್ಲ. ಹೆಂಡತಿಗೆ ನೆಗಡಿ, ಅತ್ತೆಗೆ ಪೇಪರಿನವನ ಜೊತೆ ಜಗಳ. ಮೇಷ್ಟ್ರು ಬ್ಯಾಂಕಿನ ಕಾಗದವನ್ನು ಮೂರು ಸಲ ಓದಿ ಬೀರುವಿನಲ್ಲಿಟ್ಟರು. ಮುಂದಿನ ತಿಂಗಳು, ಕಂತು ಕಟ್ಟುತ್ತಿದ್ದ ಅದೇ ಏಳನೇ ತಾರೀಖು, ದೊಡ್ಡ ಲ್ಯಾಬಿನಿಂದ ಬರುವಾಗ ಕಾಲು ಅಭ್ಯಾಸಬಲದಿಂದ ಬ್ಯಾಂಕಿನ ಕಡೆಗೇ ತಿರುಗಿತು. ಬಾಗಿಲವರೆಗೂ ಹೋಗಿ, ಕಟ್ಟುವುದಕ್ಕೆ ಏನೂ ಇಲ್ಲವೆಂದು ಹೊಳೆದು ನಿಂತುಬಿಟ್ಟರು. ಒಳಗಿನ ಅಧಿಕಾರಿಣಿ ಗಾಜಿನ ಹಿಂದಿನಿಂದ ಕಂಡು, ಏನು ಬೇಕು ಎಂಬಂತೆ ಕೈಸನ್ನೆ ಮಾಡಿದಳು. ಮೇಷ್ಟ್ರು ಏನೂ ಬೇಡ ಎಂದು ತಲೆಯಾಡಿಸಿ ನಕ್ಕರು. ಆಮೇಲೆ ರಸ್ತೆ ದಾಟಿ, ಹಣ್ಣಿನ ಗಾಡಿಯವನ ಹತ್ತಿರ ಕಿತ್ತಳೆ ಆರಿಸತೊಡಗಿದರು. ಅವಸರವಿಲ್ಲದೆ, ಒಂದೊಂದನ್ನೇ ಮೂಸಿ ನೋಡಿ, ಮನೆಯಲ್ಲಿ ಮೂವರಿದ್ದೇವೆ ಎಂದು ಆರು ತೆಗೆದುಕೊಂಡರು.